ಜ್ವರದ ದಿನದ ಗೆರೆಗಳು

ಫೆಬ್ರವರಿ 11

ಚಿಕ್ಕ ಕಡ್ಡಿಗೆ,

ನಿನ್ನನ್ನು ಇನ್ನು ಹೀಗೆ ಕರೆಯುವುದು ಸರಿಯೋ ಇಲ್ಲವೋ ತಿಳಿಯದು. ಒಂದೇ ಅಚ್ಚಿನ ಸಣಕಲು ಅಣ್ಣತಮ್ಮಂದಿರಲ್ಲಿ ದೊಡ್ಡ ಕಡ್ಡಿ ಇದ್ದಾಗ ಚಿಕ್ಕದಕ್ಕೆ ಅರ್ಥವಿತ್ತು. ಬೇರೆ ಹೇಗೆ ಶುರುಮಾಡುವುದೆಂದು ಹೊಳೆಯದೆ ಹಳೆಯದನ್ನೇ ಬರೆದಿದ್ದೇನೆ. ಫೋನು ಮಾಡಿದರೆ ಆ ಕಡೆಯಿಂದ ನಿನ್ನ ಉಸಿರು, ಬಂದರಿನ ಗಾಳಿ, ಎರಡೇ ಕೇಳಿಸುತ್ತವೆ. ಅದಕ್ಕೇ ಈ ಕಾಗದ.

ನಿನ್ನ ಅಣ್ಣ ಮಲಗಿದಲ್ಲೇ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ನಿನ್ನೆ ಶವಪರೀಕ್ಷೆಯ ವರದಿ ಕೊಟ್ಟರು. ಮೂರು ಹಾಳೆ. ಮಿದುಳು ಸರಿಯಿದೆ, ಶ್ವಾಸಕೋಶ ಸರಿಯಿದೆ, ಹೃದಯದ ತೂಕ ನಲವತ್ತನಾಲ್ಕರ ವಯಸ್ಸಿಗೆ ತಕ್ಕಷ್ಟಿದೆ, ರಕ್ತನಾಳಗಳಲ್ಲಿ ಅಡಚಣೆಯಿಲ್ಲ, ವಿಷದ ಕುರುಹಿಲ್ಲ. ಕೊನೆಯ ಸಾಲು: ಸಾವಿನ ಕಾರಣ ತಿಳಿದುಬಂದಿಲ್ಲ. ಅಂಗಡಿಗಳ ತಕ್ಕಡಿ ಬಿಚ್ಚಿ, ಸರಿಮಾಡಿ, ಮುದ್ರೆ ಒತ್ತಿ ಕೊಡುತ್ತಿದ್ದ ಮನುಷ್ಯನಿಗೆ ಈ ವರದಿ ಹಿಡಿಸುತ್ತಿತ್ತೇನೋ. ಎಲ್ಲ ಅಳತೆಯೂ ಸರಿ, ಆಳು ಮಾತ್ರ ಇಲ್ಲ.

ಹೃದಯದ ಡಾಕ್ಟರು ನನಗಿಂತ ಚಿಕ್ಕವರು. ಮಾತಾಡುವಾಗ ಸ್ಟೇಪ್ಲರನ್ನು ತೆರೆದು ಮುಚ್ಚುತ್ತಿರುತ್ತಾರೆ. “ನೋಡಿಮ್ಮಾ, ಮನೆಗೆ ಕರೆಂಟ್ ಇದ್ದ ಹಾಗೆ ಹೃದಯಕ್ಕೂ ಇರುತ್ತೆ. ಆಮೇಲೆ ಬಿಚ್ಚಿ ನೋಡಿದ್ರೆ ಗೋಡೆ ಕಾಣುತ್ತೆ, ತಂತಿ ಕಾಣುತ್ತೆ. ಕರೆಂಟ್ ಯಾಕೆ ಹೋಯ್ತು ಅಂತ ಕಾಣಲ್ಲ” ಎಂದರು. ಬದುಕಿದ್ದಾಗ ತೆಗೆದ ಇಸಿಜಿ ಒಂದಿದ್ದರೆ, ಎಷ್ಟೇ ಹಳೆಯದಾಗಿರಲಿ, ಸುಳಿವು ಸಿಗಬಹುದಂತೆ. ಇಂಥದು ಕೆಲವು ಸಲ ರಕ್ತದಲ್ಲೇ ಬರುವುದರಿಂದ ಪಿಟೀಲನ್ನೂ ಪರೀಕ್ಷೆ ಮಾಡಬೇಕು. ಹುಟ್ಟಿದಾಗ ನನ್ನ ಮಗಳ ಅಳು ಕೇಳಿ ಆ ಹೆಸರಿಟ್ಟವನು ನೀನು. ಹದಿನಾಲ್ಕು ವರ್ಷವಾದರೂ ಅದೇ ಉಳಿದಿದೆ. ವಿಷಯ ಹೇಳಿದರೆ, “ತಂತಿ ಹಚ್ತಾರಂತಾ? ಹೆಸರಿಗೆ ಸರಿಹೋಯ್ತು ಬಿಡು” ಎಂದಳು. ಆಮೇಲೆ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಕನ್ನಡಕದ ಅಂಗಡಿಗೆ ಮತ್ತೆ ಹೋಗುತ್ತಿದ್ದೇನೆ. ಮಸೂರ ಉಜ್ಜುತ್ತಾ ಕೂತರೆ ಯಾರ ಮುಖವನ್ನೂ ನೋಡಬೇಕಿಲ್ಲ. ಆದರೂ ಬರುವವರು ಬಗ್ಗಿ ಕೇಳುತ್ತಾರೆ. “ಗಟ್ಟಿಮುಟ್ಟಾಗಿದ್ದ ಮನುಷ್ಯ ಸುಮ್ಮಸುಮ್ಮನೆ ಹೋಗ್ತಾರೇನಮ್ಮಾ? ಮನೇಲಿ ಏನಾದ್ರೂ ಮಾತುಕತೆ ಆಗಿತ್ತಾ?” ಕಾರಣವಿಲ್ಲದ ಸಾವಿಗೆ ಜನ ತಾವೇ ಕಾರಣ ಕೊಡುತ್ತಾರೆ. ಕೊಡಲು ಹತ್ತಿರ ಸಿಗುವವಳು ಹೆಂಡತಿ.

ನಿನ್ನನ್ನು ಎರಡು ಕೇಳಬೇಕು. ನಿನ್ನ ಅಣ್ಣ ಎಲ್ಲಾದರೂ, ಯಾವ ಸಂದರ್ಭದಲ್ಲಾದರೂ ಸರಿ, ಇಸಿಜಿ ತೆಗೆಸಿದ್ದು ನಿನಗೆ ಗೊತ್ತಿದೆಯೇ? ನಿಮ್ಮ ಮನೆಯಲ್ಲಿ ಯಾರಾದರೂ ಎಚ್ಚರ ತಪ್ಪಿ ಬಿದ್ದದ್ದುಂಟೇ? ಯೋಚಿಸಿ ಬರೆ.

ನಿನ್ನ ಅತ್ತಿಗೆ


ಫೆಬ್ರವರಿ 26

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಒಂಬತ್ತು ದಿನವಾಯಿತು. ಇಲ್ಲಿ ಗಾಳಿಯ ಕಾಲ. ಗಾಳಿ ಒಂದು ಮಿತಿ ದಾಟಿದರೆ ಕ್ರೇನ್ ನಿಲ್ಲಿಸಬೇಕು, ಆದರೆ ನಾವು ಮೇಲೆಯೇ ಕೂತಿರಬೇಕು, ಯಾವಾಗ ಇಳಿಯುತ್ತದೆಂದು ಕಾಯುತ್ತಾ. ಕೆಳಗೆ ಸರಕು ತುಂಬಿದ ಕಬ್ಬಿಣದ ಡಬ್ಬಗಳು ಸಾಲಾಗಿ ಕಾಣುತ್ತವೆ. ಒಳಗೇನಿದೆ ಎಂದು ನಮಗೆ ಹೇಳುವುದಿಲ್ಲ, ತೂಕ ಮಾತ್ರ ಹೇಳುತ್ತಾರೆ.

ಕಾರ್ಮಿಕರ ಸಂಘದ ವಾಚನಾಲಯದಲ್ಲಿ ಒಂದು ವೈದ್ಯಕೀಯ ವಿಶ್ವಕೋಶವಿದೆ. ರಜೆಯ ದಿನ ಕೂತು ಓದಿದೆ. ಆರೋಗ್ಯವಾಗಿರುವವರು ನಿದ್ದೆಯಲ್ಲಿ ಹೋಗುವುದಕ್ಕೆ ಕಾರಣಗಳು ಹಲವು. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ಪದೇಪದೇ ನಿಲ್ಲುವುದು. ಯಾರಿಗೂ ಗೊತ್ತಾಗದೆ ಮೂರ್ಛೆ ಬಂದು ಹೋಗುವುದು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಬರುವುದು. ಮಿದುಳಿನಲ್ಲಿ ನಾಳ ಒಡೆಯುವುದು. ಎಷ್ಟೋ ಸಲ ಯಾವುದೆಂದು ಕೊನೆಗೂ ತಿಳಿಯುವುದಿಲ್ಲವಂತೆ. ಒಂದನ್ನೇ ಹಿಡಿದುಕೊಂಡು ನೀವು ಕೊರಗಬಾರದೆಂದು ಇದನ್ನು ಬರೆದೆ.

ಅಣ್ಣ ಇಸಿಜಿ ತೆಗೆಸಿದ್ದು ನನ್ನ ನೆನಪಿನಲ್ಲಿಲ್ಲ. ಅವನಿಗೆ ಆಸ್ಪತ್ರೆಯ ವಾಸನೆಯೇ ಆಗುತ್ತಿರಲಿಲ್ಲ. ಎಚ್ಚರ ತಪ್ಪಿ ಬಿದ್ದವರೂ ನಮ್ಮಲ್ಲಿ ಯಾರೂ ಇಲ್ಲ.

ಪಿಟೀಲಿನ ಪರೀಕ್ಷೆ ತಪ್ಪದೆ ಮಾಡಿಸಿ. ಒಂದು ಸಲ ಮಾಡಿಸಿ ಸುಮ್ಮನಾಗಬೇಡಿ. ಇನ್ನೊಂದು ಸಲವೂ ಮಾಡಿಸಿ.

ನಿಮ್ಮ ಮೈದುನ


ಮಾರ್ಚ್ 10

ಚಿಕ್ಕ ಕಡ್ಡಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಅಷ್ಟೊಂದು ಕಾರಣಗಳನ್ನು ಬರೆದೆ, ಡಾಕ್ಟರು ಮೊದಲು ಹೇಳಿದ ಹೃದಯದ ವಿಷಯ ಮಾತ್ರ ಬಿಟ್ಟೆ. ನನಗೆ ನೋವಾಗದಿರಲೆಂದು ಬಿಟ್ಟಿದ್ದೀಯ ಎಂದುಕೊಂಡೆ. ನೀನು ಹಾಗೆಯೇ, ಮೊದಲಿನಿಂದಲೂ. ಎದುರಿನವರಿಗೆ ಚುಚ್ಚುವುದನ್ನು ಬಾಯಲ್ಲೇ ಇಟ್ಟುಕೊಂಡು ನುಂಗುತ್ತೀಯ. ಅದಕ್ಕೇ ಇದನ್ನು ನಿನಗೆ ಬರೆಯಬಹುದು ಎನ್ನಿಸಿತು.

ನಿನ್ನ ಅಣ್ಣ ಹೋದ ದಿನ ಸಂಜೆ ಮನೆಗೆ ಬಂದವರು, “ಮೈ ಯಾಕೋ ಕಾಯ್ತಾ ಇದೆ ಕಣೆ” ಎಂದರು. ಕೈ ಇಟ್ಟು ನೋಡಿದೆ, ಬಿಸಿಯಿತ್ತು. ಮಾತ್ರೆಯ ಡಬ್ಬಿ ಮೇಲಿನ ಗೂಡಿನಲ್ಲಿತ್ತು. ಸ್ಟೂಲು ಹಾಕಿ ಹತ್ತಬೇಕು. “ಮಲಗಿ, ಬೆಳಿಗ್ಗೆ ಹೊತ್ತಿಗೆ ಹೋಗುತ್ತೆ” ಎಂದೆ. ಆಮೇಲೆ ನಿದ್ದೆಗಣ್ಣಿನಲ್ಲಿ ಒಂದು ಸದ್ದು ಕೇಳಿಸಿತು. ಗೊರಕೆಯಲ್ಲ, ನೀರಿಲ್ಲದ ನಲ್ಲಿ ಎಳೆದ ಹಾಗೆ. ನಾನು ಮೊಣಕೈಯಿಂದ ತಿವಿದು, “ಆ ಕಡೆ ತಿರುಗ್ರೀ” ಎಂದೆ. ಸದ್ದು ನಿಂತಿತು. ಅಬ್ಬಾ ಅನ್ನಿಸಿತು. ನಿದ್ದೆ ಮಾಡಿದೆ.

ಅಬ್ಬಾ ಅನ್ನಿಸಿತು ಎನ್ನುವುದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ಡಾಕ್ಟರು ಕೇಳಿದಾಗ, ಸದ್ದಿಲ್ಲದೆ ಮಲಗಿದ್ದರು ಎಂದೆ. ಜ್ವರವಿತ್ತೇ ಎಂದರೆ ಸ್ವಲ್ಪ ನೆಗಡಿ ಎಂದೆ. ಮಾತ್ರೆ ಏಕೆ ಕೊಡಲಿಲ್ಲ ಎಂದು ಇನ್ನೊಂದು ಪ್ರಶ್ನೆ ಬರುತ್ತದಲ್ಲ. ಎಲ್ಲರೂ ಕೇಳುವ ಕಾರಣ ನನ್ನ ಮೊಣಕೈಯಲ್ಲೇ ಇತ್ತೆಂದು ನನಗೆ ಗೊತ್ತು. ಅವರ ಹೃದಯ ಚೆನ್ನಾಗಿತ್ತು ಎನ್ನುವುದು ನನಗೆ ಖಾತ್ರಿ. ಹೇಗೆ ಎಂದು ಕೇಳಬೇಡ.

ಪಿಟೀಲಿನ ಇಸಿಜಿ ಆಯಿತು. ಗೆರೆ ನೆಟ್ಟಗಿದೆ, ದೋಷವಿಲ್ಲ. “ಈಗ ಭಯವಿಲ್ಲ. ಹೊಸದಾಗಿ ಏನಾದ್ರೂ ಗೊತ್ತಾದ್ರೆ ಬನ್ನಿ” ಎಂದು ಡಾಕ್ಟರು ಫೈಲು ಮುಚ್ಚಿದರು. “ಅಮ್ಮಾ, ಗಣಿತದಲ್ಲಿ ಬರದೆ ಇದ್ದ ನೂರಕ್ಕೆ ನೂರು ಇಲ್ಲಿ ಬಂತು ನೋಡು” ಎಂದು ಇವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ನಕ್ಕಳು. ನಾನೂ ನಕ್ಕೆ. ನಿನ್ನೆಯಿಂದ ಅವಳಿಗೆ ಗಂಟಲು ನೋವು, ಸ್ವಲ್ಪ ಮೈ ಬಿಸಿ. ಅವಳ ತರಗತಿಯಲ್ಲಿ ಅರ್ಧ ಜನಕ್ಕೆ ಹಾಗೇ ಇದೆಯಂತೆ. ಎರಡನೆಯ ಪರೀಕ್ಷೆಯ ಅಗತ್ಯವಿಲ್ಲ ಎಂದರು ಡಾಕ್ಟರು. ನೀನು ಚಿಂತೆ ಮಾಡಬೇಡ.

ನಿನ್ನ ಅತ್ತಿಗೆ


ಮಾರ್ಚ್ 15

ಚಿಕ್ಕ ಕಡ್ಡಿಗೆ,

ನಿನ್ನೆ ಅಂಗಡಿಗೆ ನಿನ್ನ ಫೋನು ಬಂದಾಗ ಮಾಲೀಕರು ಗಾಬರಿಯಾಗಿ ನನ್ನ ಕೈಗೆ ಕೊಟ್ಟರು. “ಪಿಟೀಲಿಗೆ ಜ್ವರ ಇದೆಯಾ? ಮೊದಲು ಇಳಿಸಿ. ಒಬ್ಬಳೇ ಮಲಗೋಕೆ ಬಿಡಬೇಡಿ. ಆಸ್ಪತ್ರೆಗೆ ಕರ್ಕೊಂಡು ಹೋಗಿ.” ಇದನ್ನೇ ನೀನು ಮೂರು ಸಲ ಹೇಳಿದೆ. ನಾನು ಏಕೆ ಎಂದೆ. ನೀನು ಇಟ್ಟುಬಿಟ್ಟೆ.

ನೀನು ದನಿ ಏರಿಸಿದ್ದನ್ನು ಹದಿನೇಳು ವರ್ಷದಲ್ಲಿ ಕೇಳಿರಲಿಲ್ಲ. ಮಸೂರವನ್ನು ಹಾಗೇ ಬಿಟ್ಟು ಮನೆಗೆ ಓಡಿದೆ. ನೂರಾಮೂರು ಡಿಗ್ರಿ ಇತ್ತು. ಮಾತ್ರೆ ಕೊಟ್ಟು, ಒದ್ದೆ ಬಟ್ಟೆ ಹಾಕಿ, ಆಟೋ ಹಿಡಿದೆ. ಆಸ್ಪತ್ರೆ ತಲುಪುವಷ್ಟರಲ್ಲಿ ಇಳಿದಿತ್ತು. ಡಾಕ್ಟರು ಸ್ಟೇಪ್ಲರ್ ಕೆಳಗಿಟ್ಟು ಕೇಳಿದರು:

“ಜ್ವರ ಬಂದ್ರೆ ಕರ್ಕೊಂಡು ಬರಬೇಕು ಅಂತ ನಿಮಗೆ ಯಾರು ಹೇಳಿದ್ರು?”

“ನನ್ನ ಮೈದುನ.”

“ಅವರೂ ಡಾಕ್ಟರಾ?”

“ಅಲ್ಲ, ಕ್ರೇನ್ ಓಡಿಸ್ತಾರೆ.”

ಅವರು ನಗಲಿಲ್ಲ. “ಅವರಿಗೆ ಹೇಗೆ ಗೊತ್ತು ಅಂತ ಕೇಳಿ” ಎಂದರು.

ಕೇಳುತ್ತಿದ್ದೇನೆ.

ನಿನ್ನ ಅತ್ತಿಗೆ


ಮಾರ್ಚ್ 22

ಅತ್ತಿಗೆಗೆ,

ಇದರೊಳಗೆ ಮಡಚಿಟ್ಟಿರುವ ಗುಲಾಬಿ ಬಣ್ಣದ ಹಾಳೆಯ ಮೇಲೆ ನನ್ನ ಹೆಸರಿದೆ. ಗೆರೆಗಳು ನನ್ನವಲ್ಲ, ಅಣ್ಣನವು. ಉಳಿದದ್ದನ್ನು ಓದದಿದ್ದರೂ ಸರಿ, ಹಾಳೆಯನ್ನು ಮೊದಲು ಡಾಕ್ಟರಿಗೆ ಕೊಡಿ.

ಹತ್ತು ವರ್ಷದ ಹಿಂದೆ, ಈ ಕೆಲಸಕ್ಕೆ ಆಯ್ಕೆಯಾಗಿ ವೈದ್ಯಕೀಯ ಪರೀಕ್ಷೆ ಒಂದೇ ಬಾಕಿಯಿದ್ದಾಗ, ನಾನು ಬಸ್ ನಿಲ್ದಾಣದಲ್ಲಿ ಎಚ್ಚರ ತಪ್ಪಿ ಬಿದ್ದೆ. ಎದ್ದಾಗ ತುಟಿಯಲ್ಲಿ ರಕ್ತವಿತ್ತು, ಒಂದು ಚಪ್ಪಲಿ ಇರಲಿಲ್ಲ. ಯಾರಿಗೂ ಹೇಳಲಿಲ್ಲ, ಅಣ್ಣನಿಗೆ ಬಿಟ್ಟು. ಎತ್ತರದಲ್ಲಿ ಕೂರುವವನ ಎದೆಯನ್ನು ಅವರು ಬಿಡದೆ ನೋಡುತ್ತಾರೆ. ನನ್ನದರಲ್ಲಿ ಏನೋ ಸಿಗುತ್ತದೆಂದು ನನಗೆ ಖಚಿತವಾಗಿತ್ತು. ನನ್ನ ಬದಲು ಮಲಗು ಎಂದು ಅವನನ್ನು ಕೇಳಿದೆ. ಗುರುತಿನ ಚೀಟಿಯ ಫೋಟೋ ಮಸುಕಾಗಿತ್ತು. ಅದರಲ್ಲಿ ಕಂಡದ್ದು ಯಾವುದೋ ಒಂದು ಕಡ್ಡಿ.

ಅವನು ಯೋಚಿಸಲು ಎರಡು ದಿನ ಕೇಳಿದ. ಮೂರನೆಯ ದಿನ, “ಎದೆ ಕೊಡ್ತೀನಿ, ಸಹಿ ಕೊಡಲ್ಲ. ಸಹಿ ನೀನೇ ಹಾಕು” ಎಂದ. ತೂಕದ ಕಲ್ಲಿಗೆ ಮುದ್ರೆ ಒತ್ತುವವನು ಹಾಕಿಕೊಂಡ ಗಡಿ ಅದು. ಪರೀಕ್ಷೆಯ ದಿನ ಅವನಿಗೆ ಜ್ವರ. ಬೇಡ, ಇನ್ನೊಂದು ದಿನ ಕೇಳೋಣ ಎಂದು ನಾನು ಹೇಳಬಹುದಿತ್ತು. “ಮಾತು ಕೊಟ್ಟಿದ್ದೀನಲ್ಲೋ” ಎಂದು ಅವನೇ ಮುಂದೆ ನಡೆದ. ಒಳಗಿನಿಂದ ನನ್ನ ಹೆಸರು ಕರೆದರು. ಅಣ್ಣ “ಇದ್ದೀನಿ” ಎಂದ. ನಾನು ಹೊರಗೆ ಅವನ ಗಡಿಯಾರ ಹಿಡಿದುಕೊಂಡು ಗೋಡೆ ನೋಡುತ್ತಾ ನಿಂತಿದ್ದೆ.

ವಾರ ಕಳೆದು ನನಗೆ ಕರೆ ಬಂತು. ಕಂಪನಿಯ ಆಸ್ಪತ್ರೆಗೆ ಬಂದುಹೋಗುವ ಡಾಕ್ಟರೊಬ್ಬರು ಎರಡು ಗೆರೆಗಳಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಅಲ್ಲಿ ಗೆರೆ ಇಳಿಯಬೇಕಾದಲ್ಲಿ ಇಳಿಯದೆ ಹೆಂಚಿನ ಮನೆಯ ಇಳಿಜಾರು ಮಾಡಿನ ಹಾಗೆ ನಿಂತಿತ್ತು. ನೀವೂ ನೋಡಬಹುದು. “ಆ ದಿನ ಜ್ವರ ಇತ್ತಾ?” ಎಂದರು. ಇತ್ತು ಎಂದೆ. “ನಿಮ್ಮ ಮನೇಲಿ ನಿದ್ದೆಯಲ್ಲಿ ಹೋದವರಿದ್ದಾರಾ?” ಇಲ್ಲ ಎಂದೆ. “ಕೆಲವರಿಗೆ ಇದು ಮೈ ಕಾದಾಗ ಮಾತ್ರ ಕಾಣಿಸುತ್ತೆ. ಮಲಗಿದ್ದಾಗ ಅಪಾಯ. ಜ್ವರ ಬಂದ್ರೆ ಹಾಗೇ ಮಲಗಿಬಿಡಬೇಡಿ. ಒಡಹುಟ್ಟಿದವರಿದ್ರೆ ಅವರಿಗೂ ಒಂದು ಸಲ ನೋಡಿಸಿ.” ಆಗಲಿ ಸರ್ ಎಂದೆ. ಮತ್ತೆ ಪರೀಕ್ಷೆ ಮಾಡಬೇಕೆಂದರು. ಅಣ್ಣ ಅಷ್ಟು ಹೊತ್ತಿಗೆ ಊರಿಗೆ ಹೋಗಿದ್ದ. ಬೇರೆ ದಾರಿಯಿಲ್ಲದೆ ನಾನೇ ಮಲಗಿದೆ. ನನ್ನ ಗೆರೆ ನೆಟ್ಟಗೆ ಬಂತು. ಡಾಕ್ಟರಿಗೆ ಸಮಾಧಾನವಾಯಿತು, ಜ್ವರ ಬಿಟ್ಟಿತು, ಗೆರೆ ಸರಿಯಾಯಿತು, ಎಲ್ಲ ಒಂದೇ ಎದೆಯಲ್ಲಿ ಎಂದು ಅವರು ತಿಳಿದರು. ಹಾಳೆಗಳನ್ನು ನನಗೇ ಕೊಟ್ಟು, ಇಟ್ಟುಕೊಳ್ಳಿ, ಮುಂದೆ ಬೇಕಾದೀತು ಎಂದರು.

ಆ ಮೆಟ್ಟಿಲು ಇಳಿಯುವಾಗ ನನಗಾದದ್ದು ಸಂತೋಷ. ನನ್ನದು ಸರಿಯಿದೆ ಎಂಬ ಸಂತೋಷ. ಅವನದು ಸರಿಯಿಲ್ಲ ಎನ್ನುವುದು ಕೊನೆಯ ಮೆಟ್ಟಿಲಿನಲ್ಲಿ ಹೊಳೆಯಿತು.

ಕೆಲಸ ಖಾಯಂ ಆಗಲಿ, ಹೇಳುತ್ತೇನೆ ಎಂದುಕೊಂಡೆ. ಖಾಯಂ ಆದ ಮೇಲೆ, ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಅವನು ಕೇಳಿದರೆ ಎನ್ನುವ ಪ್ರಶ್ನೆ ಹುಟ್ಟಿತು. ವರ್ಷ ಕಳೆದಂತೆ ಆ ಪ್ರಶ್ನೆ ದಪ್ಪವಾಯಿತು. ಅವನು ಹೆದರುವವನಲ್ಲ, ಜಗಳ ಮಾಡುವವನಲ್ಲ. ಇನ್ನೊಬ್ಬ ಡಾಕ್ಟರಿಗೆ ತೋರಿಸಿಕೊಂಡು ಬಾ ಎಂದಿದ್ದರೆ ಹೋಗಿಬರುತ್ತಿದ್ದ. ನನ್ನ ಕೆಲಸಕ್ಕೂ ಕುತ್ತು ಬರುತ್ತಿರಲಿಲ್ಲ. ಇದನ್ನು ಬರೆಯುವಾಗಲೇ ನನಗೆ ಸ್ಪಷ್ಟವಾಗುತ್ತಿದೆ: ನಾನು ಕಾಪಾಡಿಕೊಂಡದ್ದು ಕೆಲಸವನ್ನೂ ಅಲ್ಲ. ಅವನ ಕಣ್ಣಿನಲ್ಲಿ ನಾನಿದ್ದ ರೀತಿಯನ್ನು.

ಫೋನಿನಲ್ಲಿ ಪ್ರತಿ ಸಲ, “ನೆಗಡಿ ಜ್ವರ ಏನಿಲ್ಲ ತಾನೇ?” ಎಂದು ಕೇಳುತ್ತಿದ್ದೆ. “ನೀನು ಯಾವಾಗ ಅಜ್ಜಿ ಆದೆಯೋ?” ಎಂದು ನಗುತ್ತಿದ್ದ. ಅಷ್ಟು ಕೇಳಿದರೆ ಹೇಳಿದ ಹಾಗೇ ಆಯಿತೆಂದು ಫೋನಿಟ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಪಿಟೀಲಿನ ನೆಟ್ಟಗಿನ ಗೆರೆಯನ್ನು ನಂಬಬೇಡಿ. ಅದಕ್ಕೇ ಇದನ್ನೆಲ್ಲ ಬರೆದದ್ದು. ಅವಳಿಗೆ ಜ್ವರವಿಲ್ಲ ಎಂದು ನೀವು ಬರೆದಿದ್ದರೆ ಈ ಕಾಗದವನ್ನು ಇನ್ನೂ ಮುಂದೂಡುತ್ತಿದ್ದೆ, ನನಗೆ ನನ್ನ ಪರಿಚಯವಿದೆ. ನಿಮ್ಮ ಮೊಣಕೈಯಿಂದ ಏನೂ ಆಗಲಿಲ್ಲ. ನೀವು ಗೊತ್ತಿಲ್ಲದೆ ಆ ಕಡೆ ತಿರುಗಿ ಎಂದಿರಿ. ನಾನು ಗೊತ್ತಿದ್ದು ಈ ಕಡೆ ತಿರುಗಿ ಮಲಗಿದೆ, ಹತ್ತು ವರ್ಷ.

ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಜೊತೆಗಿಟ್ಟಿದ್ದೇನೆ. ಅದನ್ನು ಕಂಪನಿಗೆ ಕೊಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಮೈದುನ


ಏಪ್ರಿಲ್ 19

ಅವರಿಗೆ,

ಕಾಗದ ತಲುಪಿತು. ಹಾಳೆಯನ್ನು ಅದೇ ದಿನ ಡಾಕ್ಟರಿಗೆ ಕೊಟ್ಟೆ. ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮುಚ್ಚಿದ್ದ ಫೈಲು ತೆರೆಸಿದರು. ಪಿಟೀಲಿಗೆ ತಂತಿಗಳನ್ನು ಒಂದು ಪಕ್ಕೆಲುಬಿನಷ್ಟು ಮೇಲೆ ಹಚ್ಚಿ ನೋಡಿದರು. ಮತ್ತೊಂದು ದಿನ ದಾಖಲು ಮಾಡಿಕೊಂಡು, ಅಡಗಿದ್ದನ್ನು ಹೊರತರುವ ಔಷಧಿಯನ್ನು ನರಕ್ಕೆ ಕೊಡುತ್ತಾ, ಪಕ್ಕದಲ್ಲಿ ಇಬ್ಬರು ನಿಂತು ನೋಡಿದರು. ನಾಲ್ಕನೆಯ ನಿಮಿಷದಲ್ಲಿ ಗೆರೆ ಮಾಡಿನ ಹಾಗೆ ನಿಂತಿತು. ಅಪ್ಪನದರ ಹಾಗೆಯೇ.

ಅವಳು ಬದುಕುತ್ತಾಳೆ. ಹೀಗೆಂದು ಡಾಕ್ಟರು ಹೇಳಿದರು, ಇದೇ ಮಾತಿನಲ್ಲಿ. ಈಗ ಯಾವ ಉಪಕರಣವೂ ಬೇಡ. ಜ್ವರ ಬಂದ ಕೂಡಲೇ ಮಾತ್ರೆ, ಕೂಡಲೇ ಆಸ್ಪತ್ರೆ. ತೆಗೆದುಕೊಳ್ಳಬಾರದ ಔಷಧಿಗಳ ಪಟ್ಟಿ ಕೊಟ್ಟಿದ್ದಾರೆ. ಶಾಲೆಯ ಚೀಲದಲ್ಲಿ ಒಂದು ಪ್ರತಿ, ಅಂಗಡಿಯಲ್ಲಿ ಒಂದು. ಮಾತ್ರೆಯ ಡಬ್ಬಿಯನ್ನು ನನ್ನ ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ.

ಈಗ ನನ್ನದು. ನೀವು ಬರೆದಿರಿ, ನಾನೂ ಬರೆಯಬೇಕು. ನಿಮ್ಮ ಬದಲು ಮಲಗಿದ ದಿನ ಅವರು ಜ್ವರದಲ್ಲೇ ಮನೆಗೆ ಬಂದವರು, “ಎದೆ ಬಾಡಿಗೆಗೆ ಕೊಟ್ಟು ಬಂದೆ ಕಣೆ” ಎಂದು ನಕ್ಕು ಎಲ್ಲವನ್ನೂ ಹೇಳಿದ್ದರು. ಹತ್ತು ವರ್ಷದಿಂದ ನನಗೆ ಗೊತ್ತು. ನಿಮಗೆ ಕೆಲಸ ಸಿಕ್ಕಿತು, ಅಂದರೆ ಅವರ ಹೃದಯ ಪಾಸಾಯಿತು ಎಂದು ತಿಳಿದಿದ್ದೆ. ಹೃದಯವಲ್ಲದಿದ್ದರೆ ಇನ್ನೇನು? ಆ ಹಾಸಿಗೆಯಲ್ಲಿ ಇದ್ದ ಇನ್ನೊಂದು ವಸ್ತು ನಾನು.

ಡಾಕ್ಟರು ಮೊದಲ ದಿನ, ಹಳೆಯ ಇಸಿಜಿ ಇದೆಯೇ ಎಂದಾಗಲೇ ನಾನು ಹೇಳಬೇಕಿತ್ತು. ಹೇಳಲಿಲ್ಲ. ಸತ್ತವರಿಗೆ ಕಳ್ಳನೆಂಬ ಹೆಸರು ಬರುತ್ತದೆ, ನಿಮ್ಮ ಕೆಲಸ ಹೋಗುತ್ತದೆ ಎಂದು ತಡೆದುಕೊಂಡೆ. ನೀವೇ ಹೇಳಲಿ ಎಂದು ಕಾಗದದಲ್ಲಿ ಸುತ್ತಿ ಬಳಸಿ ಕೇಳಿದೆ. ನೀವು ಇಲ್ಲ ಎಂದಾಗ ನನಗೆ ಸುಳ್ಳೆಂದು ಗೊತ್ತಿತ್ತು. ನಮ್ಮವರ ಮಾನ ಉಳಿಸಿದಿರಿ ಎಂದು ಒಳಗೇ ಕೃತಜ್ಞಳಾಗಿದ್ದೆ. ಇಬ್ಬರೂ ಸೇರಿ ಮಾನ ಉಳಿಸುತ್ತಿದ್ದ ಹೊತ್ತಿನಲ್ಲಿ ಮಗುವಿಗೆ ನೂರಾಮೂರು ಡಿಗ್ರಿ ಇತ್ತು. ನಿಮ್ಮದು ಹತ್ತು ವರ್ಷ, ನನ್ನದು ಆರು ವಾರ. ಯಾವುದು ಹೆಚ್ಚೆಂದು ನೋಡಿಕೊಳ್ಳುವಷ್ಟು ಧೈರ್ಯ ನನಗಿಲ್ಲ.

ಡಾಕ್ಟರ ಮುಂದೆ ಕೂತು ಜ್ವರ, ಸ್ಟೂಲು, ಸದ್ದು, ಮೊಣಕೈ, ಅಬ್ಬಾ ಎಂದದ್ದು, ಎಲ್ಲವನ್ನೂ ಹೇಳಿದೆ. ಅವರು ಬರೆದುಕೊಂಡರು. “ತಪ್ಪು ನಿಮ್ಮದಲ್ಲ” ಎನ್ನುತ್ತಾರೆಂದು ಕಾದೆ. “ಮೊದಲೇ ಹೇಳಿದ್ರೆ ಬೇಗ ಗೊತ್ತಾಗ್ತಿತ್ತು” ಎಂದರು. ಅದೇ ಸರಿ ಅನ್ನಿಸಿತು.

ಪಿಟೀಲಿಗೂ ಹೇಳಿದೆ. “ಹಾಗಾದ್ರೆ ಚಿಕ್ಕಪ್ಪನಿಗೆ ಕೆಲಸ ಕೊಡಿಸಿದ್ದು ಅಪ್ಪನ ಕಾಯಿಲೆಯಾ?” ಎಂದಳು.  ಅವಳು ನಿಮಗೆ ಬರೆಯಲು ಒಪ್ಪುತ್ತಿಲ್ಲ. ಬಲವಂತ ಮಾಡಿಲ್ಲ.

ನಿಮ್ಮ ಹೇಳಿಕೆಯ ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ಅದನ್ನು ನನ್ನ ಕೈಗೆ ಕೊಟ್ಟು ನೀವು ಮೇಲೆ ಕೂತು ನೋಡುವುದು ಬೇಡ. ಕೊಡುವುದಿದ್ದರೆ ನೀವೇ ಕೊಡಿ. ನಿಮ್ಮನ್ನು ಕ್ಷಮಿಸಿಲ್ಲ. ಅದಕ್ಕೆ ಎಷ್ಟು ದಿನ ಬೇಕು, ಆಗುತ್ತದೋ ಇಲ್ಲವೋ, ಕೇಳಬೇಡಿ.

ಈ ಕಾಗದ ಬರೆಯಬೇಕಾಗಿ ಬಂದದ್ದು ಬೇರೆ ಕಾರಣಕ್ಕೆ. ಬಸ್ ನಿಲ್ದಾಣದಲ್ಲಿ ನೀವು ಬಿದ್ದ ವಿಷಯವನ್ನು ಇವತ್ತು ಡಾಕ್ಟರಿಗೆ ಓದಿ ಹೇಳಿದೆ. ಅವರು ತಲೆಯೆತ್ತಿ, “ಆಮೇಲೆ ಅವರಿಗೆ ಸರಿಯಾದ ಪರೀಕ್ಷೆ ಆಯ್ತಾ?” ಎಂದರು. ಒಂದು ಸಲ ಮಾಡಿದ್ದಾರೆ, ಗೆರೆ ನೆಟ್ಟಗಿತ್ತಂತೆ ಎಂದೆ. “ಈ ಮಗೂದೂ ನೆಟ್ಟಗೇ ಇತ್ತಲ್ಲಮ್ಮಾ! ಅಣ್ಣನಿಗಿತ್ತು, ಮಗಳಿಗಿದೆ, ಅವರು ಎಚ್ಚರ ತಪ್ಪಿ ಬೇರೆ ಬಿದ್ದಿದ್ದಾರೆ. ಈಗೆಲ್ಲಿದ್ದಾರೆ ಆ ಮನುಷ್ಯ?”

ಗಡಿಯಾರ ನೋಡಿದೆ. ಹನ್ನೊಂದೂವರೆ. “ಕ್ರೇನ್ ಮೇಲಿರ್ತಾರೆ” ಎಂದೆ.

“ಮೊದಲು ಇಳಿಯೋಕೆ ಹೇಳಿ.”

ಫೋನು ಮಾಡಿದೆ, ನೀವು ಎತ್ತಲಿಲ್ಲ. ಬಂದರಿನ ಕಚೇರಿಗೆ ಮಾಡಿ, ಮನೆಯಲ್ಲಿ ತುರ್ತಿದೆ, ಇಳಿಸಿ ಎಂದಿದ್ದೇನೆ. ಕಾರಣ ಹೇಳಿಲ್ಲ, ಅದು ನಿಮ್ಮ ಕೆಲಸ. ಈ ಕಾಗದ ಓದುವಾಗ ನಿಮ್ಮ ಕಾಲು ನೆಲದ ಮೇಲಿದೆ ಎಂದುಕೊಳ್ಳುತ್ತೇನೆ. ಮತ್ತೆ ಹತ್ತಬೇಡಿ. ಇಲ್ಲಿಗೆ ಬನ್ನಿ. ಮುಂದಿನ ತಿಂಗಳು ಮೂರನೆಯ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಮನೆಯಲ್ಲಿ ಉಳಿದುಕೊಳ್ಳಿ ಎನ್ನಲಾರೆ. ಆಸ್ಪತ್ರೆಯ ಎದುರು ಒಂದು ವಸತಿಗೃಹವಿದೆ, ಶುಚಿಯಾಗಿದೆ.

ಹೆಸರು ಕರೆದಾಗ ನಾನು ಬಾಗಿಲ ಬಳಿ ನಿಂತಿರುತ್ತೇನೆ. ಒಳಗೆ ಹೋಗುವವರು ನೀವೇ ಎಂದು ನೋಡಿಕೊಳ್ಳಬೇಕಲ್ಲ.